ಯಾರ ಮನೆಗೆ ಎಷ್ಟು? ತೆರಿಗೆ, ಗ್ಯಾರಂಟಿಗಳ ಲೆಕ್ಕ ಮುಂಚಿತವಾಗಿ ಹಾಕುವ ಮೈಕ್ರೋಸಿಮ್ಯುಲೇಶನ್

2025ರ ಫೆಬ್ರವರಿ 1ರಂದು ಬಜೆಟ್ ಮಂಡಿಸುತ್ತ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಎರಡು ಮಾತು ಹೇಳಿದರು. ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಇದರಿಂದ ನೇರ ತೆರಿಗೆಯಲ್ಲಿ ಸುಮಾರು 1 ಲಕ್ಷ ಕೋಟಿ ರೂಪಾಯಿ ಖೋತಾ ಆಗುತ್ತದೆ. ಮೊದಲ ಮಾತು ಸಂಜೆಯೊಳಗೆ ಎಲ್ಲರ ಮೊಬೈಲಿಗೆ ತಲುಪಿತು. ಎರಡನೆಯದರ ಬಗ್ಗೆ ಕೇಳಿದವರು ಕಡಿಮೆ: ಇನ್ನೂ ಯಾರೂ ಸಲ್ಲಿಸದ ರಿಟರ್ನ್‌ಗಳಿಂದ ಆಗುವ ನಷ್ಟವನ್ನು ಮೊದಲೇ ಹೇಳುವುದು ಹೇಗೆ?

ದಾರಿ ಎರಡಿವೆ. ಒಟ್ಟು ವಸೂಲಿ ಇಷ್ಟು, ದರ ಇಷ್ಟು ಇಳಿಯುತ್ತದೆ, ಹಾಗಾಗಿ ನಷ್ಟ ಇಷ್ಟು ಎಂದು ಮೊತ್ತದ ಮೇಲೆ ಲೆಕ್ಕ ಹಾಕುವುದು ಒಂದು. ಒಂದೊಂದೇ ಮನೆಯನ್ನು ತೆಗೆದುಕೊಂಡು, ಹಳೆಯ ನಿಯಮದಲ್ಲಿ ಆ ಮನೆ ಕಟ್ಟುವುದೆಷ್ಟು, ಹೊಸ ನಿಯಮದಲ್ಲಿ ಎಷ್ಟು ಎಂದು ನೋಡಿ, ಕೊನೆಗೆ ಕೂಡುವುದು ಇನ್ನೊಂದು. ಈ ಎರಡನೆಯ ದಾರಿಯ ಹೆಸರೇ ಮೈಕ್ರೋಸಿಮ್ಯುಲೇಶನ್. ತೆರಿಗೆಗೆ ಮಾತ್ರವಲ್ಲ, ಪಿಂಚಣಿ, ಪಡಿತರ, ನಗದು ವರ್ಗಾವಣೆಗಳಿಗೂ ಇದೇ ವಿಧಾನ ನಡೆಯುತ್ತದೆ.

ಸರಾಸರಿ ಎಲ್ಲಿ ಕೈಕೊಡುತ್ತದೆ

2025ರ ಬದಲಾವಣೆಯನ್ನೇ ನೋಡಿ. ಹೊಸ ಸ್ಲ್ಯಾಬ್‌ಗಳ ಪ್ರಕಾರ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೆ ದರ 5, 10, 15, 20, 25 ಎಂದು ಏರುತ್ತ, 24 ಲಕ್ಷ ದಾಟಿದ ಮೇಲೆ ಶೇ 30. ತೆರಿಗೆಗೆ ಒಳಪಡುವ ಆದಾಯ ಸರಿಯಾಗಿ 12 ಲಕ್ಷ ಇದ್ದರೆ ಲೆಕ್ಕದಲ್ಲಿ 60,000 ರೂಪಾಯಿ ಬರುತ್ತದೆ, ಅಷ್ಟೂ ರಿಬೇಟ್ (ತೆರಿಗೆಯಲ್ಲೇ ಕಡಿತ) ಸಿಕ್ಕಿ ಸೊನ್ನೆಯಾಗುತ್ತದೆ. ಸಂಬಳದಾರರಿಗೆ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ (ಆದಾಯದಿಂದ ನೇರವಾಗಿ ಕಳೆಯುವ ಮೊತ್ತ) ಇರುವುದರಿಂದ ಅವರ ಮಟ್ಟಿಗೆ ಈ ಗಡಿ 12.75 ಲಕ್ಷ.

ಹಿಂದಿನ ವರ್ಷದ ಹೊಸ ಪದ್ಧತಿಗೆ ಹೋಲಿಸಿದರೆ ಯಾರಿಗೆ ಎಷ್ಟು ಉಳಿಯಿತು? ತೆರಿಗೆಯ ಮೇಲೆ ಬೀಳುವ ಉಪತೆರಿಗೆಯಾದ ಸೆಸ್ ಬಿಟ್ಟು ಲೆಕ್ಕ ಹಾಕೋಣ. 7 ಲಕ್ಷದವರಿಗೆ ಏನೂ ಇಲ್ಲ, ಅವರಿಗೆ ಮೊದಲೇ ರಿಬೇಟ್ ಇತ್ತು. 8 ಲಕ್ಷದವರಿಗೆ 30,000 ರೂಪಾಯಿ. 12 ಲಕ್ಷದವರಿಗೆ 80,000. 16 ಲಕ್ಷದವರಿಗೆ 50,000. 24 ಲಕ್ಷ ಮತ್ತು ಮೇಲಿನವರಿಗೆ 1,10,000. ಏರಿ, ಇಳಿದು, ಮತ್ತೆ ಏರುವ ಸಾಲು ಇದು. ಇನ್ನೂ ಹತ್ತಿರ ಹೋದರೆ ಇಳಿಜಾರು ಎಷ್ಟು ಕಡಿದು ಎಂಬುದು ಕಾಣುತ್ತದೆ: 12 ಲಕ್ಷಕ್ಕೆ 80,000 ಉಳಿದರೆ 12.7 ಲಕ್ಷಕ್ಕೆ ಉಳಿಯುವುದು 24,000 ಮಾತ್ರ.

ಕಾರಣ, 12 ಲಕ್ಷ ದಾಟಿದರೆ ರಿಬೇಟ್ ಇಲ್ಲ, ಅದರ ಜಾಗಕ್ಕೆ ಬರುವುದು ಅಂಚಿನ ವಿನಾಯಿತಿ, ಅಂದರೆ ಮಾರ್ಜಿನಲ್ ರಿಲೀಫ್. 12 ಲಕ್ಷದ ಮೇಲೆ 10,000 ರೂಪಾಯಿ ಹೆಚ್ಚು ಗಳಿಸಿದವರಿಗೆ ಸ್ಲ್ಯಾಬ್ ಪ್ರಕಾರ 61,500 ತೆರಿಗೆ ಬೀಳಬೇಕು. ಹತ್ತು ಸಾವಿರ ಗಳಿಸಿದ್ದಕ್ಕೆ ಅರವತ್ತೊಂದು ಸಾವಿರ ಕೇಳುವುದು ಅನ್ಯಾಯವೆಂದು ಕಾನೂನು ಅದನ್ನು ಆ ಹತ್ತು ಸಾವಿರಕ್ಕೇ ಸೀಮಿತಗೊಳಿಸುತ್ತದೆ. ಅದರ ಮೇಲೆ ಶೇ 4 ಸೆಸ್ ಸೇರಿದರೆ 10,400. ಹೆಚ್ಚುವರಿ ಗಳಿಕೆಯೆಲ್ಲ ತೆರಿಗೆಗೆ ಹೋಗಿ, ಕೈಯಿಂದ ಇನ್ನೂ 400 ಕೊಡಬೇಕು. ಸುಮಾರು 12,70,588 ರೂಪಾಯಿವರೆಗೆ ಇದೇ ಕಥೆ. ಆ ಗಡಿ ಹೇಗೆ ಬಂತೆಂದರೆ, 12 ಲಕ್ಷದ ಮೇಲಿನ ಮೊತ್ತವೂ 60,000ಕ್ಕೆ ಆ ಮೊತ್ತದ ಶೇ 15 ಸೇರಿಸಿದ್ದೂ ಸಮವಾಗುವ ಜಾಗ ಅದು.

ಸರಾಸರಿ ಆದಾಯ, ಸರಾಸರಿ ದರ ಇಟ್ಟುಕೊಂಡು ಕೂತವರಿಗೆ ಈ ಕಣಿವೆ ಎಂದೂ ಕಾಣುವುದಿಲ್ಲ. ಬ್ರಿಟನ್ನಿನಲ್ಲಿರುವ ಕನ್ನಡಿಗ ಎಂಜಿನಿಯರುಗಳಿಗೆ ಇಂಥದ್ದೇ ಇನ್ನೊಂದು ಪರಿಚಯ ಇರುತ್ತದೆ: ಅಲ್ಲಿ ಆದಾಯ 1,00,000 ಪೌಂಡ್ ದಾಟಿದ ಮೇಲೆ ಪ್ರತಿ 2 ಪೌಂಡಿಗೆ 1 ಪೌಂಡಿನಂತೆ ತೆರಿಗೆರಹಿತ ಮಿತಿ ಕರಗುತ್ತದೆ. ಹೀಗಾಗಿ ಇಂಗ್ಲೆಂಡಿನಲ್ಲಿ 1,25,140 ಪೌಂಡಿನವರೆಗೆ ಶೇ 40ರ ದರ ನಿಜದಲ್ಲಿ ಶೇ 60 ಆಗುತ್ತದೆ. ಇಂಥ ಗುಂಡಿಗಳಲ್ಲಿ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸಲು ಮನೆ ಮನೆಯ ಲೆಕ್ಕವೇ ಬೇಕು.

ಮಾಡೆಲ್ ಒಳಗೆ ಏನಿರುತ್ತದೆ

ಮೂರೇ ಭಾಗ. ಮನೆಗಳ ಪಟ್ಟಿ, ನಿಯಮಗಳ ಪಟ್ಟಿ, ಪ್ರತಿ ಮನೆಗೂ ಒಂದು ಗುಣಕ.

ಮನೆಗಳ ಪಟ್ಟಿ ಸಾಮಾನ್ಯವಾಗಿ ಸಮೀಕ್ಷೆಯಿಂದ ಬರುತ್ತದೆ. ನಮ್ಮಲ್ಲಿ ದೊಡ್ಡವುಗಳಲ್ಲೊಂದು ರಾಷ್ಟ್ರೀಯ ಸ್ಯಾಂಪಲ್ ಸಮೀಕ್ಷೆಯವರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆ. 2022-23ರಲ್ಲಿ ಅವರು 2,61,746 ಮನೆಗಳಿಗೆ ಹೋಗಿ ಅಕ್ಕಿಯಿಂದ ಹಿಡಿದು ಮೊಬೈಲ್ ರೀಚಾರ್ಜ್‌ವರೆಗೆ ಖರ್ಚು ಬರೆದುಕೊಂಡರು. ಮನೆಯಲ್ಲಿ ಯಾರ್‍ಯಾರಿದ್ದಾರೆ, ವಯಸ್ಸೆಷ್ಟು, ಓದೆಷ್ಟು, ಯಾವ ರೇಷನ್ ಕಾರ್ಡ್ ಎಂಬುದೂ ಅಲ್ಲಿರುತ್ತದೆ.

ಇಷ್ಟು ಮನೆಗಳಿಂದ ದೇಶದ ಕಥೆ ಹೇಳಬಹುದೇ? ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕುತ್ತೇವಲ್ಲ, ಹಾಗೆ. ಆದರೆ ಪಾತ್ರೆಯಲ್ಲಿರುವುದು ಬಿಸಿಬೇಳೆ ಬಾತ್ ಎಂದುಕೊಳ್ಳಿ: ಅಕ್ಕಿ, ತೊಗರಿಬೇಳೆ, ಹುರುಳಿಕಾಯಿ ಒಂದೊಂದನ್ನೂ ಬೇರೆ ಬೇರೆ ಹಿಸುಕಬೇಕು. ಅದಕ್ಕೇ ಸಮೀಕ್ಷೆಯವರು ಹಳ್ಳಿ, ಪಟ್ಟಣ, ಸ್ಥಿತಿವಂತರು, ಉಳಿದವರು ಎಂದು ವಿಂಗಡಿಸಿ ಮನೆ ಆರಿಸುತ್ತಾರೆ. ಆರಿಸಿದ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ಸಂಖ್ಯೆಯೇ ಗುಣಕ. 2011ರ ಜನಗಣತಿಯ ಸುಮಾರು 24.7 ಕೋಟಿ ಮನೆಗಳನ್ನೇ ಹಿಡಿದರೂ ಸರಾಸರಿ ಗುಣಕ 940 ದಾಟುತ್ತದೆ. ಎಲ್ಲ ಮನೆಗೂ ಒಂದೇ ಗುಣಕ ಇರುವುದಿಲ್ಲ. ಗುಣಕ ಮರೆತು ಸೀದಾ ಸರಾಸರಿ ತೆಗೆಯುವುದು ಹೊಸಬರ ಮೊದಲ ತಪ್ಪು. ಸ್ಥಿತಿವಂತರ ಮನೆಗಳನ್ನು ಬೇಕೆಂದೇ ಹೆಚ್ಚು ಆರಿಸಿದ್ದರೆ ಊರೆಲ್ಲ ಶ್ರೀಮಂತವಾಗಿ ಕಾಣುತ್ತದೆ.

ನಿಯಮಗಳ ಪಟ್ಟಿಯೆಂದರೆ ಕಾಯ್ದೆ ಮತ್ತು ಸರ್ಕಾರಿ ಆದೇಶವನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆದದ್ದು. ಕ್ರಮ ಇಲ್ಲಿ ಮುಖ್ಯ. ಮೊದಲು ಆದಾಯ, ಆಮೇಲೆ ಡಿಡಕ್ಷನ್, ಆಮೇಲೆ ಸ್ಲ್ಯಾಬ್, ರಿಬೇಟ್, ಅಂಚಿನ ವಿನಾಯಿತಿ, ಕೊನೆಗೆ ಸೆಸ್. ಸೆಸ್ಸನ್ನು ರಿಬೇಟ್‌ಗಿಂತ ಮೊದಲು ಹಾಕಿದರೆ 12 ಲಕ್ಷದವರ ತಲೆಯ ಮೇಲೂ 2,400 ರೂಪಾಯಿ ಕೂರುತ್ತದೆ.

ನಾಲ್ಕು ಮನೆಗಳ ಒಂದು ಮಾಡೆಲ್

ಗೃಹಲಕ್ಷ್ಮಿಯನ್ನು ತೆಗೆದುಕೊಳ್ಳೋಣ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಈ ಯೋಜನೆಯಲ್ಲಿ ರೇಷನ್ ಕಾರ್ಡಿನ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ವರ್ಷಕ್ಕೆ 24,000. ಯಜಮಾನಿಯಾಗಲಿ ಅವರ ಗಂಡನಾಗಲಿ ಆದಾಯ ತೆರಿಗೆ ಕಟ್ಟುತ್ತಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುತ್ತಿದ್ದರೆ ಸಿಗುವುದಿಲ್ಲ. 2024-25ರ ರಾಜ್ಯ ಬಜೆಟ್ ಇದಕ್ಕೆ 28,608 ಕೋಟಿ ರೂಪಾಯಿ ಇಟ್ಟಿತ್ತು. 24,000ದಿಂದ ಭಾಗಿಸಿದರೆ 1.19 ಕೋಟಿ ಯಜಮಾನಿಯರು.

ಈಗ ಕಾಲ್ಪನಿಕವಾಗಿ ನಾಲ್ಕೇ ಸ್ಯಾಂಪಲ್ ಮನೆ ಇರುವ ಒಂದು ತಾಲ್ಲೂಕು. ಮೊದಲನೆಯದು ಕೂಲಿ ಮಾಡುವ ಕುಟುಂಬ, ಗುಣಕ 1,400. ಎರಡನೆಯದು ಅಣ್ಣತಮ್ಮಂದಿರ ಕೂಡುಕುಟುಂಬ, ಅಡುಗೆ ಒಂದೇ, ರೇಷನ್ ಕಾರ್ಡ್ ಎರಡು, ಗುಣಕ 900. ಮೂರನೆಯದರಲ್ಲಿ ಗಂಡ ಸರ್ಕಾರಿ ನೌಕರ, ತೆರಿಗೆ ಕಟ್ಟುತ್ತಾನೆ, ಗುಣಕ 600. ನಾಲ್ಕನೆಯದರಲ್ಲಿ ಗಂಡ ತೀರಿಕೊಂಡ ತಾಯಿ ಯಜಮಾನಿ, ಜೊತೆಗಿರುವ ಮಗನಿಗೆ ಸಾಫ್ಟ್‌ವೇರ್ ಕೆಲಸ, ತೆರಿಗೆ ಕಟ್ಟುವವನು ಅವನು, ಗುಣಕ 500.

ಮೂರನೆಯ ಮನೆ ಹೊರಗೆ. ಉಳಿದ ಮೂರೂ ಒಳಗೆ, ಏಕೆಂದರೆ ನಿಯಮ ಮಗನ ತೆರಿಗೆ ಕೇಳುವುದಿಲ್ಲ. ಮನೆಗೊಬ್ಬ ಯಜಮಾನಿ ಎಂದು ಹಿಡಿದು 1,400, 900, 500 ಕೂಡಿದರೆ 2,800 ಯಜಮಾನಿಯರು, ವರ್ಷಕ್ಕೆ 6.72 ಕೋಟಿ ರೂಪಾಯಿ.

ಈಗ ಪ್ರೋಗ್ರಾಂ ಬರೆದವರು ‘ಮನೆಯಲ್ಲಿ ಯಾರಾದರೂ ತೆರಿಗೆ ಕಟ್ಟುತ್ತಿದ್ದರೆ ಇಲ್ಲ’ ಎಂದು ಬರೆದರು ಎನ್ನಿ. ನಾಲ್ಕನೆಯ ಮನೆ ಬಿದ್ದುಹೋಗುತ್ತದೆ, ಮೊತ್ತ 5.52 ಕೋಟಿಗೆ ಇಳಿಯುತ್ತದೆ. ಇನ್ನು ನಿಯಮ ಸರಿಯಾಗಿ ಬರೆದು, ಕೂಡುಕುಟುಂಬದ ಎರಡೂ ಕಾರ್ಡುಗಳನ್ನು ಎಣಿಸಿದರೆ 3,700 ಯಜಮಾನಿಯರು, 8.88 ಕೋಟಿ. ಮನೆಗಳು ಅವೇ, ಗುಣಾಕಾರ ಅದೇ. ಆದೇಶದ ಒಂದು ಸಾಲನ್ನೂ ‘ಮನೆ’ ಎಂಬ ಪದವನ್ನೂ ಓದಿದ ರೀತಿಗೆ ಲೆಕ್ಕ ಐದೂವರೆಯಿಂದ ಒಂಬತ್ತು ಕೋಟಿಯ ಹತ್ತಿರ ಹೋಯಿತು.

ಈ ಎರಡನೆಯ ತೊಡಕು ಕಾಲ್ಪನಿಕವಲ್ಲ. ಸ್ಯಾಂಪಲ್ ಸಮೀಕ್ಷೆಯ ಪಾಲಿಗೆ ಒಟ್ಟಿಗೆ ವಾಸವಿದ್ದು ಒಂದೇ ಅಡುಗೆಯಲ್ಲಿ ಉಣ್ಣುವವರು ಒಂದು ಮನೆ. ಒಲೆ ಬೇರೆಯಾದರೆ ಮನೆ ಬೇರೆ. ಆಹಾರ ಇಲಾಖೆಯ ಪಾಲಿಗೆ ಕಾರ್ಡೇ ಮನೆ. ಆದಾಯ ತೆರಿಗೆಗೆ ಸಾಮಾನ್ಯವಾಗಿ ಮನೆಯೇ ಇಲ್ಲ, ಪ್ಯಾನ್ ಇರುವ ಒಬ್ಬ ವ್ಯಕ್ತಿ ಅಷ್ಟೆ. ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಹೊಂದಿಸುವುದರಲ್ಲೇ ಮಾಡೆಲ್ ಕಟ್ಟುವವರ ಸಮಯದ ದೊಡ್ಡ ಪಾಲು ಹೋಗುತ್ತದೆ. ಗಣಿತ ಏಳನೇ ತರಗತಿಯದು, ಕಷ್ಟ ಇರುವುದು ಇಲ್ಲಿ.

ಗೃಹಜ್ಯೋತಿಯಲ್ಲಿ ಬೇರೆ ಥರದ ತೊಡಕು. 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಗೂ ಉಚಿತ ಮಿತಿ ನಿಗದಿಯಾಯಿತು. ಮಿತಿ ದಾಟಿದರೆ ಹೆಚ್ಚುವರಿಗೆ ಮಾತ್ರ ಬಿಲ್. 200 ದಾಟಿದರೆ ಇಡೀ ಬಿಲ್. ಮಾಡೆಲ್‌ಗೆ ಬೇಕಿರುವುದು ಹನ್ನೆರಡು ತಿಂಗಳ ಸರಾಸರಿ. ಸಮೀಕ್ಷೆ ಕೊಡುವುದು ಹಿಂದಿನ ಮೂವತ್ತು ದಿನದ ಲೆಕ್ಕ. ಸಮೀಕ್ಷೆಯವರು ಮೇ ತಿಂಗಳಲ್ಲಿ ಬಂದಿದ್ದರೆ, ವರ್ಷದ ಸರಾಸರಿಯಲ್ಲಿ ತಿಂಗಳಿಗೆ 170 ಯೂನಿಟ್ ಉರಿಸುವ ಮನೆ ಬೇಸಿಗೆಯ ಫ್ಯಾನು ಕೂಲರುಗಳಿಂದ 210 ತೋರಿಸಿ ಯೋಜನೆಯಿಂದಲೇ ಹೊರಬಿದ್ದ ಹಾಗೆ ಲೆಕ್ಕವಾಗುತ್ತದೆ. ಶೇಕಡಾವಾರು ಸೇರಿಸುವುದರಲ್ಲೂ ಒಂದು ಸೂಕ್ಷ್ಮ ಇದೆ. 30 ಯೂನಿಟ್ ಬಳಸುವ ಮನೆಗೆ ಶೇ 10 ಅಂದರೆ 3 ಯೂನಿಟ್, 150 ಬಳಸುವವರಿಗೆ 15. 2024ರ ಜನವರಿಯಲ್ಲಿ ಸರ್ಕಾರ 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು ತಿದ್ದಿತು. ಇಂಥ ತಿದ್ದುಪಡಿ ಎಷ್ಟು ಮನೆಗೆ ಮುಟ್ಟುತ್ತದೆ, ಖರ್ಚೆಷ್ಟು ಎಂದು ನೋಡಲು ಮಾಡೆಲ್‌ನಲ್ಲಿ ಬದಲಿಸಬೇಕಾದದ್ದು ಒಂದೇ ಸಾಲು.

ಓಡಿಸುವ ಕ್ರಮ

ಸಮೀಕ್ಷೆ ಎರಡು ಮೂರು ವರ್ಷ ಹಳೆಯದಾಗಿರುತ್ತದೆ. ಹಾಗಾಗಿ ಮೊದಲು ಅದರ ಸಂಬಳ, ಖರ್ಚುಗಳನ್ನು ಬೆಲೆ ಮತ್ತು ಕೂಲಿ ಏರಿಕೆಯ ಸೂಚ್ಯಂಕದಿಂದ ಗುಣಿಸಿ ಇವತ್ತಿಗೆ ತರಬೇಕು. ಎಲ್ಲಕ್ಕೂ ಒಂದೇ ಸೂಚ್ಯಂಕ ಹಾಕಬಾರದು. ಗದ್ದೆ ಕೂಲಿ ಏರುವ ವೇಗ ಬೇರೆ, ಬೆಂಗಳೂರಿನ ಬಾಡಿಗೆಯದು ಬೇರೆ.

ಆಮೇಲೆ ಈಗಿರುವ ನಿಯಮಗಳನ್ನೇ ಹಾಕಿ ಒಂದು ಸಲ ಓಡಿಸಿ, ಬಂದ ಮೊತ್ತವನ್ನು ಸರ್ಕಾರಿ ದಾಖಲೆಯೊಂದಿಗೆ ಹೋಲಿಸಬೇಕು. ಉದಾಹರಣೆಗೆ, ಗೃಹಲಕ್ಷ್ಮಿಗೆ 95 ಲಕ್ಷ ಯಜಮಾನಿಯರು ಎಂದು ಮಾಡೆಲ್ ಹೇಳಿ, ಬಜೆಟ್ ಲೆಕ್ಕ 1.19 ಕೋಟಿ ಇದ್ದರೆ ಎಲ್ಲೋ ಕಾರ್ಡುಗಳು ಕಳೆದುಹೋಗಿವೆ. ಇದ್ದದ್ದನ್ನೇ ಸರಿಯಾಗಿ ಹೇಳಲಾಗದ ಮಾಡೆಲ್ ಇಲ್ಲದ್ದನ್ನು ಹೇಳಲು ಹೊರಟರೆ ನಂಬಬೇಕಾಗಿಲ್ಲ. ಈ ಹಂತ ದಾಟಿದ ಮೇಲೆ ಹೊಸ ನಿಯಮ ಹಾಕಿ ಮತ್ತೊಮ್ಮೆ ಓಡಿಸಿ, ಪ್ರತಿ ಮನೆಯ ಎರಡು ಉತ್ತರಗಳ ವ್ಯತ್ಯಾಸ ತೆಗೆಯುತ್ತಾರೆ. ಕೊನೆಗೆ ಮನೆಗಳನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿ ಹತ್ತು ಸಮ ಗುಂಪು ಮಾಡಿ, ಯಾವ ಗುಂಪಿಗೆ ಎಷ್ಟು ಬಂತು, ಎಷ್ಟು ಹೋಯಿತು, ಬಡತನ ರೇಖೆ ದಾಟಿದವರೆಷ್ಟು ಎಂಬ ಪಟ್ಟಿ ಮಾಡುತ್ತಾರೆ.

ಅರ್ಹರೆಲ್ಲರಿಗೂ ಹಣ ಮುಟ್ಟುವುದಿಲ್ಲ ಎಂಬುದನ್ನೂ ಸೇರಿಸಬೇಕು. ಆಧಾರ್ ಜೋಡಣೆಯಾಗದ ಖಾತೆ, ಮುಗಿಯದ ಇ-ಕೆವೈಸಿ, ಅರ್ಜಿಯನ್ನೇ ಹಾಕದವರು. ಹತ್ತರಲ್ಲಿ ಒಂಬತ್ತು ಮನೆಗೆ ಮುಟ್ಟುತ್ತದೆ ಎಂದಿದ್ದರೆ ಕಂಪ್ಯೂಟರ್ ಪ್ರತಿ ಅರ್ಹ ಮನೆಗೆ 0 ಮತ್ತು 1ರ ನಡುವಿನ ಒಂದು ಯಾದೃಚ್ಛಿಕ ಸಂಖ್ಯೆ ಕೊಟ್ಟು, 0.9ಕ್ಕಿಂತ ಕಡಿಮೆ ಬಂದವರನ್ನು ‘ಸಿಕ್ಕಿತು’ ಎಂದು ಗುರುತಿಸುತ್ತದೆ. ಹಳೆ ನಿಯಮದ ಓಟಕ್ಕೂ ಹೊಸ ನಿಯಮದ ಓಟಕ್ಕೂ ಅದೇ ಸಂಖ್ಯೆ ಇಡುವುದನ್ನು ಮರೆಯಬಾರದು. ಮರೆತರೆ, ಏನೂ ಬದಲಾಗದ ಮನೆಗಳೂ ಚೀಟಿ ಎತ್ತಿದ ಹಾಗೆ ಗೆದ್ದವರಲ್ಲೋ ಸೋತವರಲ್ಲೋ ಕಾಣಿಸಿಕೊಳ್ಳುತ್ತವೆ.

ಸಮೀಕ್ಷೆ ಬಾಯಿಬಿಡದ ಸಂಗತಿಗಳು

ಬಳಕೆ ವೆಚ್ಚ ಸಮೀಕ್ಷೆಯಲ್ಲಿ ಖರ್ಚಿದೆ, ಆದಾಯ ಇಲ್ಲ. ಆದಾಯ ತೆರಿಗೆಯ ಮಾಡೆಲ್‌ಗೆ ಇದು ದೊಡ್ಡ ಕೊರತೆ. ಮನೆಯ ಆದಾಯವನ್ನೇ ಕೇಳುವ ರಾಷ್ಟ್ರೀಯ ಸಮೀಕ್ಷೆಯನ್ನು 2026ರಲ್ಲಿ ನಡೆಸುವುದಾಗಿ ಕೇಂದ್ರ ಅಂಕಿಅಂಶ ಸಚಿವಾಲಯ ಪ್ರಕಟಿಸಿದ್ದು 2025ರಲ್ಲಿ. ಅಲ್ಲದೆ ಅತಿ ಶ್ರೀಮಂತರು ಯಾವ ದೇಶದ ಸಮೀಕ್ಷೆಯಲ್ಲೂ ಸರಿಯಾಗಿ ಸಿಗುವುದಿಲ್ಲ. ಗೇಟಿನ ಕಾವಲುಗಾರನನ್ನು ದಾಟುವುದೇ ಕಷ್ಟ. ಹಾಗಾಗಿ ತೆರಿಗೆ ಮಾಡೆಲ್‌ಗಳು ಮೇಲ್ತುದಿಗೆ ರಿಟರ್ನ್‌ಗಳ ಅಂಕಿಗಳನ್ನು ಬಳಸುತ್ತವೆ. 2024ರ ಜುಲೈ 31ರವರೆಗೆ ಸಲ್ಲಿಕೆಯಾದ 7.28 ಕೋಟಿ ರಿಟರ್ನ್‌ಗಳಲ್ಲಿ 5.27 ಕೋಟಿ ಹೊಸ ಪದ್ಧತಿಯಲ್ಲಿದ್ದವು, ಉಳಿದ 2.01 ಕೋಟಿ ಹಳೆಯದರಲ್ಲಿ. ಹಳೆ ಪದ್ಧತಿಯವರಲ್ಲಿ ಎಷ್ಟು ಜನ ಗೃಹಸಾಲ, ವಿಮೆ, ಮನೆ ಬಾಡಿಗೆಯ ವಿನಾಯಿತಿ ಬಿಟ್ಟು ಇತ್ತ ದಾಟುತ್ತಾರೆ ಎಂಬುದನ್ನೂ ಮಾಡೆಲ್ ಊಹಿಸಬೇಕು. ಎರಡರಲ್ಲೂ ತೆರಿಗೆ ಲೆಕ್ಕ ಹಾಕಿ ಕಡಿಮೆಯದನ್ನು ಆರಿಸುತ್ತಾರೆ ಎಂದು ಬರೆಯುವುದು ರೂಢಿ.

ಜಿಎಸ್‌ಟಿಗಾದರೆ ಖರ್ಚಿನ ಸಮೀಕ್ಷೆಯೇ ಸಾಕು, ಆದರೆ ಜಾರುವ ಜಾಗ ಬೇರೆ. 2025ರ ಸೆಪ್ಟೆಂಬರ್ 22ರಿಂದ ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆಗಳ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಮನೆಯವರು ಸಮೀಕ್ಷೆಗೆ ಹೇಳುವುದು ಅಂಗಡಿಯಲ್ಲಿ ಕೊಟ್ಟ ಬೆಲೆ, ತೆರಿಗೆ ಅದರೊಳಗೇ ಇದೆ. 118 ರೂಪಾಯಿ ಖರ್ಚಿನಲ್ಲಿ ತೆರಿಗೆ 18. 118ರ ಶೇ 18 ಎಂದು 21.24 ತೆಗೆದರೆ ತಪ್ಪು. ಬೆಲೆಯೂ ಶೇ 13 ಇಳಿಯುವುದಿಲ್ಲ, 118 ಹೋಗಿ 105 ಆದರೆ ಇಳಿಕೆ ಶೇ 11. ಅದೂ ಕಂಪನಿ ಪೂರ್ತಿ ಲಾಭವನ್ನು ಗ್ರಾಹಕರಿಗೆ ದಾಟಿಸಿದರೆ ಮಾತ್ರ.

ಗುಂಪು ಚಿಕ್ಕದಾದಷ್ಟೂ ಉತ್ತರ ಅಲುಗಾಡುತ್ತದೆ. ರಾಜ್ಯದ ಮಟ್ಟದಲ್ಲಿ ಗಟ್ಟಿಯಾಗಿರುವ ಸಂಖ್ಯೆ ಒಂದು ತಾಲ್ಲೂಕಿಗೆ ಬಂದಾಗ ಹತ್ತು ಹನ್ನೆರಡು ಸ್ಯಾಂಪಲ್ ಮನೆಗಳ ಮೇಲೆ ನಿಂತಿರಬಹುದು. ಅಲ್ಲಿ 3,000 ಗುಣಕದ ಒಂದು ಮನೆ ಅತ್ತಿತ್ತ ವಾಲಿದರೂ ಫಲಿತಾಂಶ ವಾಲುತ್ತದೆ.

ಜನ ಸುಮ್ಮನಿರುವುದಿಲ್ಲ

ಇಲ್ಲಿಯವರೆಗಿನ ಲೆಕ್ಕ, ನಿಯಮ ಬದಲಾದ ಮರುದಿನ ಬೆಳಿಗ್ಗೆಯದು. ಯಾರೂ ತಮ್ಮ ನಡವಳಿಕೆ ಬದಲಿಸಿಲ್ಲ ಎಂದು ಹಿಡಿದದ್ದು. ಇದಕ್ಕೆ ಸ್ಥಿರ ಮಾಡೆಲ್ ಎನ್ನುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ ಹಿಂದಿನ ವರ್ಷದ ಮಹಿಳಾ ಪ್ರಯಾಣಿಕರ ಟಿಕೆಟ್ ಮೊತ್ತವನ್ನೇ ಖರ್ಚೆಂದು ಹಿಡಿದರೆ ಅದು ಸ್ಥಿರ ಲೆಕ್ಕ. ಉಚಿತವಾದ ಮೇಲೆ ಧರ್ಮಸ್ಥಳಕ್ಕೂ ತವರಿಗೂ ಹೆಚ್ಚು ಸಲ ಹೋಗುವುದು ಅದರಲ್ಲಿ ಬರುವುದಿಲ್ಲ. ಗೃಹಲಕ್ಷ್ಮಿಗಾಗಿ ಅತ್ತೆ ಸೊಸೆ ಬೇರೆ ಬೇರೆ ಕಾರ್ಡ್ ಮಾಡಿಸುವುದೂ ಇದೇ ಜಾತಿ. ಇಂಥ ಬದಲಾವಣೆಗೆ ಅಂದಾಜು ಸೇರಿಸಿದರೆ ಅದು ನಡವಳಿಕೆಯ ಮಾಡೆಲ್. ಲೆಕ್ಕ ಹೆಚ್ಚು ನೈಜ, ಜೊತೆಗೆ ಹೆಚ್ಚು ಅನಿಶ್ಚಿತ. ಎರಡೂ ಉತ್ತರಗಳನ್ನು ಅಕ್ಕಪಕ್ಕ ಕೊಡುವುದು ಪ್ರಾಮಾಣಿಕ ಪದ್ಧತಿ.

ಪಿಂಚಣಿಗೆ ಇನ್ನೊಂದು ಬಗೆ ಬೇಕು. 2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗೆ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಸಿಗುತ್ತದೆ. ಇದರ ಹೊರೆ ಗೊತ್ತಾಗಬೇಕಾದರೆ ಮಾಡೆಲ್ ಒಳಗಿನ ಪ್ರತಿ ನೌಕರನೂ ವರ್ಷ ವರ್ಷ ವಯಸ್ಸಾಗಬೇಕು, ಬಡ್ತಿ ಪಡೆಯಬೇಕು, ನಿವೃತ್ತನಾಗಬೇಕು, ಸಾಯಬೇಕು. ಹೀಗೆ ಕಾಲ ಓಡಿಸುವವು ಚಲನಶೀಲ ಮಾಡೆಲ್‌ಗಳು. ಅಮೆರಿಕದ ಅರ್ಥಶಾಸ್ತ್ರಜ್ಞ ಗಯ್ ಆರ್ಕಟ್ 1957ರಲ್ಲಿ ಈ ಕ್ಷೇತ್ರಕ್ಕೆ ಬುನಾದಿ ಹಾಕಿದಾಗ ಮನಸ್ಸಿನಲ್ಲಿದ್ದದ್ದು ಹೆಚ್ಚೂಕಡಿಮೆ ಇಂಥದ್ದೇ. ಅವರ ಕಾಲದ ಕಂಪ್ಯೂಟರಿಗೆ ಅದು ಬಲು ಭಾರವಾಗಿತ್ತು. ಇವತ್ತು ಯುರೋಮೋಡ್ ಎಂಬ ಮಾಡೆಲ್ ಐರೋಪ್ಯ ಒಕ್ಕೂಟದ 27 ದೇಶಗಳ ತೆರಿಗೆ, ಭತ್ಯೆಗಳನ್ನು ಒಂದೇ ಚೌಕಟ್ಟಿನಲ್ಲಿ ಲೆಕ್ಕ ಹಾಕುತ್ತದೆ. ಅದೇ ತಂತ್ರಾಂಶದ ಮೇಲೆ ಘಾನಾ, ತಾಂಜಾನಿಯಾ, ಜಾಂಬಿಯಾದಂಥ ದೇಶಗಳಿಗೆ ಸೌತ್‌ಮೋಡ್ ಮಾಡೆಲ್‌ಗಳು ಬಂದಿವೆ.

ಕೈಯಾರೆ ಮಾಡಿ ನೋಡುವವರಿಗೆ

ಬಳಕೆ ವೆಚ್ಚ ಸಮೀಕ್ಷೆಯ ಮನೆವಾರು ದತ್ತಾಂಶವನ್ನು, ಹೆಸರು ವಿಳಾಸ ತೆಗೆದು, ಅಂಕಿಅಂಶ ಸಚಿವಾಲಯ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಕರ್ನಾಟಕದ ಸಾಲುಗಳನ್ನು ಬೇರ್ಪಡಿಸಿದರೆ ಮಾಮೂಲಿ ಲ್ಯಾಪ್‌ಟಾಪಿನ ಸ್ಪ್ರೆಡ್‌ಶೀಟ್ ಸಾಕು. ಒಂದು ಮನೆಗೆ ಒಂದು ಸಾಲು. ಕಾಲಂಗಳು ಹೀಗಿರಲಿ: ಗುಣಕ, ಸದಸ್ಯರ ಸಂಖ್ಯೆ, ಕಾರ್ಡಿನ ಬಗೆ, ತಿಂಗಳ ಖರ್ಚು, ಹಳೆ ನಿಯಮದ ಮೊತ್ತ, ಹೊಸ ನಿಯಮದ ಮೊತ್ತ, ವ್ಯತ್ಯಾಸ. ಹತ್ತು ಗುಂಪು ಮಾಡುವಾಗ ಮನೆಯ ಖರ್ಚನ್ನು ಸದಸ್ಯರ ಸಂಖ್ಯೆಯಿಂದ ಭಾಗಿಸಿಕೊಳ್ಳಿ, ಇಲ್ಲದಿದ್ದರೆ ಎಂಟು ಜನರ ಬಡಮನೆ ಇಬ್ಬರ ಸ್ಥಿತಿವಂತ ಮನೆಗಿಂತ ಮೇಲೆ ಕೂರುತ್ತದೆ. ವ್ಯತ್ಯಾಸವನ್ನು ಕೂಡುವ ಮೊದಲು ಗುಣಕದ ಕಾಲಮನ್ನೊಂದನ್ನೇ ಕೂಡಿ ನೋಡಿ. 2011ರಲ್ಲಿ ರಾಜ್ಯದಲ್ಲಿ 1.3 ಕೋಟಿಗೂ ಹೆಚ್ಚು ಮನೆಗಳಿದ್ದವು. ನಿಮ್ಮ ಮೊತ್ತ ಅದರ ಹತ್ತಿರಕ್ಕೂ ಬಾರದೆ ನೂರು ಕೋಟಿಗೂ ಹೆಚ್ಚು ತೋರಿಸಿದರೆ ಗಾಬರಿ ಬೇಡ: ಈ ದತ್ತಾಂಶದಲ್ಲಿ ಗುಣಕವನ್ನು ದಶಮಾಂಶ ಚುಕ್ಕೆ ಇಲ್ಲದೆ ಬರೆಯುವ ವಾಡಿಕೆ ಇದೆ, 100ರಿಂದ ಭಾಗಿಸಿ.